ಒಟಿಎಸ್ ಪತ್ರದಲ್ಲಿ ಸಿಬಿಲ್ ಬಗ್ಗೆಯೂ ಎರಡು ಸಾಲು ಬರೆಸಿ: ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಕಾಫಿ ಮಾರಿದ ಹಣ ಬೆಳೆಗಾರರ ಕೈಗೆ ಬರುವುದು ಹೆಚ್ಚಾಗಿ ಜನವರಿಯಿಂದ ಮಾರ್ಚ್ ಒಳಗೆ. ಬ್ಯಾಂಕುಗಳ ವರ್ಷದ ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ. ಈ ಎರಡೂ ಕೂಡುವ ಹೊತ್ತಿಗೆ ಸುಸ್ತಿದಾರರ ಮನೆಗೆ ಫೋನು ಶುರುವಾಗುತ್ತದೆ: ‘ಒಟಿಎಸ್ ಮಾಡಿಸಿಕೊಳ್ಳಿ, ಬಡ್ಡಿ ಬಿಡ್ತೀವಿ, ಈ ತಿಂಗಳೇ ಕಟ್ಟಿ.’ ಒಟಿಎಸ್ ಎಂದರೆ ಬಾಕಿಯಲ್ಲಿ ಒಂದಿಷ್ಟು ಬಿಟ್ಟು, ಉಳಿದದ್ದನ್ನು ಕಟ್ಟಿಸಿಕೊಂಡು ಸಾಲ ಮುಗಿಸುವ ಇತ್ಯರ್ಥ. ಎಷ್ಟು ರಿಯಾಯಿತಿ ಎಂಬುದನ್ನು ಬಾಯ್ತುಂಬ ಹೇಳುತ್ತಾರೆ. ಆ ರಿಯಾಯಿತಿ ಸಿಬಿಲ್ ವರದಿಯಲ್ಲಿ, ಅಂದರೆ ನಾವು ಸಾಲ ತೀರಿಸಿದ ಬಗೆಯ ದಾಖಲೆಯಲ್ಲಿ, ಏನಾಗಿ ದಾಖಲಾಗುತ್ತದೆ ಎಂದು ಹೇಳುವವರು ಕಡಿಮೆ. ಜಿಲ್ಲಾ ಮಟ್ಟದ ಬ್ಯಾಂಕರ್‌ಗಳ ಸಲಹಾ ಸಮಿತಿಗೆ ತಾವೇ ಅಧ್ಯಕ್ಷರಾದ್ದರಿಂದ ಈ ಪತ್ರ ತಮಗೆ.

ಬಾಕಿ 3 ಲಕ್ಷ ರೂ. ಇದೆ, 1.8 ಲಕ್ಷಕ್ಕೆ ಒಪ್ಪಂದವಾಯಿತು ಎನ್ನೋಣ. ಸಾಲಗಾರನ ಮಟ್ಟಿಗೆ ಸಾಲ ಚುಕ್ತಾ. ಬ್ಯಾಂಕಿನ ಮಟ್ಟಿಗೆ 1.2 ಲಕ್ಷ ನಷ್ಟ. ಹೀಗಾಗಿ ವರದಿಯಲ್ಲಿ ಆ ಖಾತೆ ‘ಕ್ಲೋಸ್ಡ್’ ಆಗದೆ ‘ಸೆಟಲ್ಡ್’ ಎಂದು ಬರುತ್ತದೆ, ಬಿಟ್ಟುಕೊಟ್ಟ ಮೊತ್ತವೂ ಕಾಣಿಸುತ್ತದೆ. ಮುಂದೆ ಸಾಲ ಕೊಡುವ ಯಾವುದೇ ಬ್ಯಾಂಕಿಗೆ ಇದರ ಅರ್ಥ ಇಷ್ಟೇ: ಈತ ಪೂರ್ತಿ ಕಟ್ಟಿಲ್ಲ. ಇಂಥ ಮಾಹಿತಿಯನ್ನು ಸಿಬಿಲ್ ಮುಂತಾದ ಕ್ರೆಡಿಟ್ ಮಾಹಿತಿ ಕಂಪನಿಗಳು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕು. ಹಣ ಕಟ್ಟಿದ ಮಾರನೇ ದಿನವೇ ಸಿಬಿಲ್ ಅಂಕ ಏರುತ್ತದೆ ಎಂದುಕೊಂಡವರಿಗೆ ನಿರಾಸೆಯೇ ಗತಿ.

ಪೆಟ್ಟು ಬೀಳುವುದು ಮುಂಗಾರಿಗೆ ಮುನ್ನ. ಮಾರ್ಚ್‌ನಲ್ಲಿ ಕೈಯಲ್ಲಿದ್ದ ಹಣವನ್ನೆಲ್ಲ ಸೆಟಲ್‌ಮೆಂಟಿಗೆ ಸುರಿದವರು ಮೇ ತಿಂಗಳಲ್ಲಿ ಗೊಬ್ಬರಕ್ಕೆ, ಬೋರ್ಡೋ ಸಿಂಪಡಣೆಗೆ, ನೆರಳು ಕಸಿಗೆ (ನೆರಳು ಮರಗಳ ಕೊಂಬೆ ಸವರಲು) ಹೊಸ ಸಾಲ ಕೇಳುತ್ತಾರೆ. ರಿಸರ್ವ್ ಬ್ಯಾಂಕಿನ 2023ರ ಜೂನ್ 8ರ ಸುತ್ತೋಲೆಯ ಪ್ರಕಾರ ಒಟಿಎಸ್‌ನಂಥ ರಾಜಿ ಇತ್ಯರ್ಥ ಮಾಡಿಕೊಂಡವರಿಗೆ ಅದೇ ಬ್ಯಾಂಕು ಮತ್ತೆ ಸಾಲ ಕೊಡಲು ಕನಿಷ್ಠ 12 ತಿಂಗಳು ಕಾಯಬೇಕು. ಕೃಷಿ ಸಾಲಕ್ಕೆ ಆ ಅವಧಿಯನ್ನು ಆಯಾ ಬ್ಯಾಂಕಿನ ಆಡಳಿತ ಮಂಡಳಿಯೇ ನಿಗದಿಪಡಿಸಿಕೊಳ್ಳಬಹುದು. ಯಾವ ಬ್ಯಾಂಕು ಎಷ್ಟು ತಿಂಗಳು ಇಟ್ಟಿದೆ ಎಂಬುದು ಶಾಖೆಯ ಫಲಕದಲ್ಲಿ ಯಾಕಿರಬಾರದು?

ಹಾಗೆಂದು ಒಟಿಎಸ್ ಬೇಡ ಎನ್ನುತ್ತಿಲ್ಲ. ಕಟ್ಟದೆ ಬಿಟ್ಟು ‘ರೈಟ್ ಆಫ್’ (ವಸೂಲಾಗದ ಸಾಲ) ಎಂದು ಕೂತಿರುವ ಖಾತೆಗಿಂತ ‘ಸೆಟಲ್ಡ್’ ಎಷ್ಟೋ ವಾಸಿ. ಆದರೆ ಕೈಯಲ್ಲಾಗುವವರು ಪೂರ್ತಿ ಕಟ್ಟಿ ‘ಕ್ಲೋಸ್ಡ್’ ಮಾಡಿಸಿಕೊಳ್ಳಲಿ. ಒಟ್ಟಿಗೆ ಆಗದಿದ್ದರೆ ಕಂತು ಕೇಳಲಿ. ಈಗಾಗಲೇ ಸೆಟಲ್ ಆಗಿದ್ದರೆ ಬಿಟ್ಟ 1.2 ಲಕ್ಷವನ್ನು ಮುಂದೆ ಕಟ್ಟಿ ದಾಖಲೆ ಬದಲಿಸಿಕೊಡುವಂತೆ ಬ್ಯಾಂಕನ್ನು ಕೋರಬಹುದು. ಬದಲಿಸುತ್ತೇವೆ ಎಂದು ಬ್ಯಾಂಕು ಬರೆದುಕೊಟ್ಟ ಮೇಲೆಯೇ ದುಡ್ಡು ಕಟ್ಟಬೇಕು, ಬಾಯಿಮಾತು ನಂಬಿ ಅಲ್ಲ.

ಕೆಲಸ ಕೆಡುವ ಜಾಗಗಳು ಹೆಚ್ಚುಕಡಿಮೆ ಇವೇ. ಕಂತಿನ ದಿನ ತಪ್ಪಿದರೆ ಸಾಮಾನ್ಯವಾಗಿ ರಿಯಾಯಿತಿಯೇ ರದ್ದು. ಕಟ್ಟಿದ್ದು ಹಳೆಯ ಬಾಕಿಗೆ ಜಮೆಯಾಗಿ ಸಾಲ ನಿಂತಲ್ಲೇ ನಿಲ್ಲುತ್ತದೆ. ವಸೂಲಿಗೆ ಬಂದವರ ಕೈಗೆ ನಗದು ಕೊಟ್ಟರೆ ಖಾತೆಗೆ ಸೇರಿದ್ದಕ್ಕೆ ಪುರಾವೆ ಇರುವುದಿಲ್ಲ. ಸಾಲವನ್ನು ಆಸ್ತಿ ಪುನರ್‌ನಿರ್ಮಾಣ ಕಂಪನಿಗೆ (ಬ್ಯಾಂಕುಗಳ ಸುಸ್ತಿ ಸಾಲ ಕೊಳ್ಳುವ ಕಂಪನಿ) ಮಾರಿದ್ದರೆ ನೋ ಡ್ಯೂ (ಬಾಕಿ ಇಲ್ಲ) ಪತ್ರ ಕೊಡಬೇಕಾದ್ದು ಆ ಕಂಪನಿ. ಒಂದೇ ಸಾಲ ಬ್ಯಾಂಕು, ಕಂಪನಿ ಎರಡರ ಹೆಸರಲ್ಲೂ ಬಾಕಿಯಾಗಿ ಕಾಣಿಸುತ್ತಿದೆಯೇ ಎಂದೂ ನೋಡಬೇಕು. ಜಾಮೀನು ಹಾಕಿದ ಅಣ್ಣತಮ್ಮಂದಿರನ್ನು ಎಲ್ಲರೂ ಮರೆಯುತ್ತಾರೆ. ಈ ಸಾಲ ಅವರ ವರದಿಯಲ್ಲೂ ಇರುತ್ತದೆ.

‘ಸಿಬಿಲ್ ಕ್ಲಿಯರ್ ಮಾಡಿಕೊಡ್ತೀವಿ’ ಎಂದು ಸಾವಿರಗಟ್ಟಲೆ ಕೀಳುವವರ ಬಗ್ಗೆಯೂ ಒಂದು ಎಚ್ಚರಿಕೆ ಹೊರಡಿಸಿ. ಸಾಲ ಕೊಟ್ಟ ಸಂಸ್ಥೆ ಒಪ್ಪದೆ ಮಾಹಿತಿ ಕಂಪನಿ ದಾಖಲೆ ತಿದ್ದುವುದಿಲ್ಲ. ತಪ್ಪು ದಾಖಲೆ ತಿದ್ದಿಸಲು ದುಡ್ಡೂ ಬೇಕಿಲ್ಲ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಮಾಹಿತಿ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. 2025ರ ಜನವರಿಯಿಂದ ಬ್ಯಾಂಕುಗಳು 15 ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕಾದ್ದರಿಂದ, ಹಣ ಕಟ್ಟಿ ಒಂದೂವರೆ ತಿಂಗಳಾದ ಮೇಲೆ ವರದಿ ತೆಗೆದು ನೋಡಿದರೆ ಸಾಕು. ತಪ್ಪಿದ್ದರೆ ನೋ ಡ್ಯೂ ಪತ್ರ ಲಗತ್ತಿಸಿ ಬ್ಯಾಂಕಿಗೂ ಮಾಹಿತಿ ಕಂಪನಿಗೂ ದೂರು ಕೊಡಬೇಕು. 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂ. ಪರಿಹಾರ ಸಲ್ಲಬೇಕು, 14448ಕ್ಕೆ ಕರೆ ಮಾಡಿ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ (ದೂರು ಇತ್ಯರ್ಥಪಡಿಸುವ ಅಧಿಕಾರಿ) ಬಳಿ ಹೋಗುವ ದಾರಿ ಕೇಳಬಹುದು. ಈ ಪರಿಹಾರ ತಪ್ಪು ಮಾಹಿತಿಗೆ ಮಾತ್ರ. ಸರಿಯಾಗಿಯೇ ಬಿದ್ದ ‘ಸೆಟಲ್ಡ್’ ಹೀಗೆ ಅಳಿಯುವುದಿಲ್ಲ.

ಇನ್ನು ಪಹಣಿ. ಬ್ಯಾಂಕಿನಲ್ಲಿ ಸಾಲ ತೀರಿದರೂ 11ನೇ ಕಾಲಂನಲ್ಲಿ ಋಣ ಹಾಗೇ ಉಳಿದಿರುವುದುಂಟು. ನೋಂದಾಯಿತ ಅಡಮಾನವಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಋಣ ಬಿಡುಗಡೆ ಪತ್ರವೂ ಆಗಬೇಕು. ಗೃಹಸಾಲದಂಥ ವೈಯಕ್ತಿಕ ಸಾಲಗಳಲ್ಲಿ ಆಸ್ತಿ ಪತ್ರಗಳನ್ನು 30 ದಿನದೊಳಗೆ ಹಿಂತಿರುಗಿಸದಿದ್ದರೆ ಬ್ಯಾಂಕು ದಿನಕ್ಕೆ 5,000 ರೂ. ತೆರಬೇಕು. ತೋಟದ ಸಾಲಕ್ಕೂ ಅದೇ 30 ದಿನದ ಗಡುವನ್ನು ಜಿಲ್ಲೆಯ ಬ್ಯಾಂಕುಗಳು ಒಪ್ಪುವಂತೆ ತಾವು ಮಾಡಬಹುದು.

ನಮ್ಮ ಕೋರಿಕೆ ಇದು. ಜಿಲ್ಲೆಯ ಪ್ರತಿ ಒಟಿಎಸ್ ಮಂಜೂರಾತಿ ಪತ್ರದಲ್ಲಿ, ಸಾಲಗಾರ ಸಹಿ ಹಾಕುವ ಮೊದಲೇ ಓದುವಂತೆ, ಕನ್ನಡದಲ್ಲಿ ನಾಲ್ಕು ವಿಷಯ ಇರಲಿ: ಖಾತೆ ‘ಕ್ಲೋಸ್ಡ್’ ಎಂದೋ ‘ಸೆಟಲ್ಡ್’ ಎಂದೋ ವರದಿಯಾಗುತ್ತದೆ, ಬಿಟ್ಟ ಮೊತ್ತ ಎಷ್ಟು, ಮತ್ತೆ ಸಾಲಕ್ಕೆ ಎಷ್ಟು ತಿಂಗಳು ಕಾಯಬೇಕು, ಪಹಣಿಯ ಋಣ ಯಾವ ದಿನಾಂಕದೊಳಗೆ ಇಳಿಯುತ್ತದೆ. ಮಾದರಿ ಪತ್ರವನ್ನು ಲೀಡ್ ಬ್ಯಾಂಕಿನಿಂದ (ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡಿಕೊಳ್ಳುವ ಬ್ಯಾಂಕು) ಸಿದ್ಧಪಡಿಸಿ, ಡಿಸೆಂಬರ್ ತ್ರೈಮಾಸಿಕದ ಸಭೆಯಲ್ಲೇ ಒಪ್ಪಿಗೆ ಪಡೆಯಿರಿ. ಮಾರ್ಚ್ ಸಭೆಗೆ ಬಿಟ್ಟರೆ ಈ ವರ್ಷದ ಸಹಿಗಳೆಲ್ಲ ಆಗಿಹೋಗಿರುತ್ತವೆ.

ಇಂತಿ,
ಕೃಷಿ ಸಾಲದ ಕಡತಗಳನ್ನು ಬಲ್ಲ ನಿವೃತ್ತ ಬ್ಯಾಂಕ್ ನೌಕರರು
ಚಿಕ್ಕಮಗಳೂರು