ಆಟೋಟ್ಯೂನ್ ಬರುವ ಮೊದಲೂ ಶೇರ್ ಹಾಡುತ್ತಿದ್ದರು

ಮಾನ್ಯ ಸಂಪಾದಕರೇ,

ಹಾಡುಗಳಲ್ಲಿ ಆಟೋಟ್ಯೂನ್ (ತಪ್ಪಿದ ಶ್ರುತಿಯನ್ನು ತಿದ್ದುವ ಸಾಫ್ಟ್‌ವೇರ್) ಹಾವಳಿಯ ಬಗ್ಗೆ ಬರೆಯುವಾಗಲೆಲ್ಲ ನಮ್ಮ ಪುರವಣಿಗಳು ಅಮೆರಿಕದ ಗಾಯಕಿ, ನಟಿ ಶೇರ್ ಅವರ ಹೆಸರನ್ನು ಎಳೆದು ತರುತ್ತವೆ. (ಕಾಗುಣಿತ ನೋಡಿ 'ಚೆರ್' ಎಂದು ಬರೆಯುವವರುಂಟು, ಉಚ್ಚಾರ ಶೇರ್.) ವಯಸ್ಸಾಗಿ ಶ್ರುತಿ ನಿಲ್ಲದ ಗಾಯಕಿಯನ್ನು 1998ರಲ್ಲಿ ಒಂದು ಸಾಫ್ಟ್‌ವೇರ್ ಕೈಹಿಡಿದು ಎತ್ತಿತು ಎಂಬ ಧಾಟಿ ಆ ಬರಹಗಳದ್ದು. ಧ್ವನಿಮುದ್ರಣದ ಕೆಲಸ ಬಲ್ಲ ಯಾರೂ ಇದನ್ನು ಒಪ್ಪಲಾರರು.

ಮೊದಲು ಇಸವಿಗಳನ್ನು ನೋಡೋಣ. ಆಟೋಟ್ಯೂನ್ ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ತೈಲ ನಿಕ್ಷೇಪ ಹುಡುಕಲು ಭೂಕಂಪನದ ಅಲೆಗಳನ್ನು ವಿಶ್ಲೇಷಿಸುತ್ತಿದ್ದ ಆಂಡಿ ಹಿಲ್ಡೆಬ್ರಾಂಡ್ ಅದೇ ಗಣಿತವನ್ನು ದನಿಗೆ ಹಚ್ಚಿ ಅದನ್ನು ರೂಪಿಸಿದರು. 1946ರಲ್ಲಿ ಹುಟ್ಟಿದ ಶೇರ್ ಅಷ್ಟರಲ್ಲಿ ಮೂರು ದಶಕ ಹಾಡಿ ಮುಗಿಸಿದ್ದರು. 1965ರ ಆಗಸ್ಟ್‌ನಲ್ಲಿ, 19ನೇ ವಯಸ್ಸಿಗೆ, ಗಾಯಕ ಸನ್ನಿ ಬೋನೋ ಜೊತೆ ಹಾಡಿದ 'ಐ ಗಾಟ್ ಯು ಬೇಬ್' ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಆಮೇಲೆ 1971, 1973, 1974ರಲ್ಲಿ ಒಬ್ಬರೇ ಹಾಡಿದ ಮೂರು ಹಾಡುಗಳು ಅದೇ ಸ್ಥಾನ ಮುಟ್ಟಿದವು. ಇವೆಲ್ಲ ಟೇಪಿನ ಕಾಲದವು. ಟೇಪಿನಲ್ಲಿ ಒಂದು ಸ್ವರ ಅಪಸ್ವರವಾದರೆ ಅದನ್ನು ಎಳೆದು ಕೂರಿಸುವ ದಾರಿ ಇರಲಿಲ್ಲವೆಂದೇ ಹೇಳಬೇಕು. ಆ ಸಾಲನ್ನು ಮತ್ತೆ ಹಾಡಬೇಕಿತ್ತು, ಅಷ್ಟೇ.

ಅವರದು ಹೆಣ್ಣುದನಿಗಳಲ್ಲೇ ಅತಿ ತಗ್ಗಿನ ಕಾಂಟ್ರಾಲ್ಟೊ. 1964ರಲ್ಲಿ 'ಬಾನಿ ಜೋ ಮೇಸನ್' ಎಂಬ ಹೆಸರಿನಲ್ಲಿ ಬಂದ ಮೊದಲ ಗಾನತಟ್ಟೆ ಬಿದ್ದುಹೋಗಲು ಈ ದನಿಯೂ ಒಂದು ಕಾರಣ. ಹಾಡು ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಮೇಲಿನ ಪ್ರೇಮಗೀತೆ. ಹಾಡುತ್ತಿರುವುದು ಗಂಡಸು ಎಂದುಕೊಂಡು ಹಲವು ರೇಡಿಯೊ ಕೇಂದ್ರಗಳು ಅದನ್ನು ಹಾಕಲೇ ಇಲ್ಲ.

ಇನ್ನು ವಿವಾದದ ಹಾಡು, 1998ರ 'ಬಿಲೀವ್'. ಲಂಡನ್ನಿನಲ್ಲಿ ಮಾರ್ಕ್ ಟೇಲರ್ ಮತ್ತು ಬ್ರಯಾನ್ ರಾಲಿಂಗ್ ಅದನ್ನು ನಿರ್ಮಿಸಿದರು. ಆಟೋಟ್ಯೂನಿನಲ್ಲಿ 'ರೀಟ್ಯೂನ್ ಸ್ಪೀಡ್' ಎಂಬ ಒಂದು ತಿರುಗಣೆ ಇದೆ. ತಪ್ಪಿದ ಸ್ವರವನ್ನು ಎಷ್ಟು ಮಿಲಿಸೆಕೆಂಡಿನಲ್ಲಿ ಸರಿಯಾದ ಜಾಗಕ್ಕೆ ತರಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. 20ರ ಮೇಲಿಟ್ಟರೆ ತಿದ್ದಿದ್ದು ಸಾಮಾನ್ಯ ಕಿವಿಗೆ ಅಷ್ಟಾಗಿ ತಿಳಿಯುವುದಿಲ್ಲ. ತಪ್ಪು ಮುಚ್ಚಬೇಕಾದವರು ಇಡುವುದು ಅಲ್ಲೇ. ಸೊನ್ನೆಗೆ ಇಳಿಸಿದರೆ ಗಂಟಲಿನ ಜಾರು ಅಳಿಸಿಹೋಗಿ ಸ್ವರಗಳು ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತವೆ, ಯಾರಿಗಾದರೂ ಗೊತ್ತಾಗುತ್ತದೆ. 'ಬಿಲೀವ್'ನಲ್ಲಿ ಮಾಡಿದ್ದು ಎರಡನೆಯದು. ಮುಚ್ಚಿಡುವ ಉದ್ದೇಶವಿದ್ದವರು ಎಲ್ಲರ ಕಿವಿಗೂ ಬೀಳುವ ಹಾಗೆ ಏಕೆ ಮಾಡುತ್ತಾರೆ? ಅದೂ ಚರಣದ ಕೆಲವು ಮಾತುಗಳಲ್ಲಿ ಮಾತ್ರ ಎದ್ದು ಕೇಳುತ್ತದೆ. ಪಲ್ಲವಿಗೆ ಬಂದರೆ ತುಂಬುಗಂಠವೇ. ಧ್ವನಿಮುದ್ರಿಕೆ ಕಂಪನಿಯವರು ಆ ಪರಿಣಾಮ ತೆಗೆಯಿರಿ ಎಂದಾಗ ಖಡಾಖಂಡಿತವಾಗಿ ಬೇಡವೆಂದದ್ದು ಶೇರ್. ಗುಟ್ಟು ಬಿಡಲು ಮನಸ್ಸಿಲ್ಲದ ನಿರ್ಮಾಪಕರು ಮೊದಲಿಗೆ ಡಿಜಿಟೆಕ್ ಟಾಕರ್ ಎಂಬ ವೋಕೋಡರ್ (ದನಿಯನ್ನು ಯಂತ್ರದ ಸದ್ದಿನಂತೆ ಮಾಡುವ ಉಪಕರಣ) ಬಳಸಿದೆವೆಂದು ಹೇಳಿಕೊಂಡಿದ್ದರು. ಇಂದಿಗೂ ಕೆಲವರು ಅದನ್ನೇ ನಿಜವೆಂದು ಬರೆಯುತ್ತಾರೆ.

ಸೊನ್ನೆಯ ವೇಗದಲ್ಲಿ ಶ್ರುತಿ ಇಲ್ಲದವರು ಹಾಡಿದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಸ್ವರಗಳ ಅಂತರ ಅಳೆಯುವ ಮಾನ ಸೆಂಟ್; ಒಂದು ಸ್ವರಸ್ಥಾನದಿಂದ ಪಕ್ಕದ್ದಕ್ಕೆ 100 ಸೆಂಟ್ ದೂರ. ಹನ್ನೆರಡೂ ಸ್ಥಾನಗಳನ್ನು ತೆರೆದಿಟ್ಟಾಗ 50 ಸೆಂಟಿಗಿಂತ ಹೆಚ್ಚು ತಪ್ಪಿದವರನ್ನು ಯಂತ್ರ ಪಕ್ಕದ ಸ್ವರಕ್ಕೆ ಎಳೆದು ಕೂರಿಸುತ್ತದೆ. ಸರಿಯಾಗಿ ನಡುವೆ ನಿಂತವರ ದನಿ ಎರಡು ಸ್ವರಗಳ ಮಧ್ಯೆ ಪಟಪಟ ಹೊಡೆದುಕೊಳ್ಳುತ್ತದೆ. ಉಸಿರು, ಉಚ್ಚಾರ, ಲಯ, ದನಿಯ ತೂಕ ಇವು ಯಾವುದನ್ನೂ ಅದು ಕೊಡಲಾರದು. ಮೈಕಿಗೆ ವಾದ್ಯದ ಸದ್ದು ನುಗ್ಗಿದ್ದರೆ, ಪ್ರತಿಧ್ವನಿಯನ್ನು ತಿದ್ದುವ ಮೊದಲೇ ಸೇರಿಸಿದ್ದರೆ ಅದಕ್ಕೆ ಸ್ವರವೇ ಸಿಗುವುದಿಲ್ಲ.

ನಮ್ಮ ಭಾವಗೀತೆ, ದೇವರನಾಮಗಳಿಗೆ ಅದು ಮಾಡುವ ಹಾನಿ ಬೇರೆಯೇ, ಅದರ ಬಗ್ಗೆ ಬರೆಯಬೇಕಾದ್ದೂ ಇದೆ. ಸ್ವರವನ್ನು ಅಲುಗಿಸಿ ಹಾಡುವ ಕಂಪಿತವೆಂಬ ಗಮಕವನ್ನು ಯಂತ್ರ ತಪ್ಪೆಂದೇ ತಿಳಿಯುತ್ತದೆ. ತಂಬೂರಿಯ ಜೊತೆ ಹಿತವಾಗಿ ಸೇರುವ ಅಂತರ ಗಾಂಧಾರ ಷಡ್ಜದಿಂದ 386 ಸೆಂಟಿನಲ್ಲಿದ್ದರೆ, ಅದು ಎಳೆಯುವುದು 400ಕ್ಕೆ. ಬಲ್ಲ ಎಂಜಿನಿಯರ್ ಗಮಕವಿರುವ ಕಡೆ ಅದನ್ನು ಪೂರ್ತಿ ಬಿಟ್ಟು, ನಿಲ್ಲಿಸಿ ಹಾಡಿದ ಸ್ವರವನ್ನಷ್ಟೇ ಕೈಯಿಂದ ತಿದ್ದುತ್ತಾನೆ. ಅವಸರದಲ್ಲಿ ಇಡೀ ಹಾಡಿಗೆ ಒಂದೇ ವೇಗ ಹಚ್ಚುವುದರಿಂದಲೇ ನಮ್ಮ ಎಷ್ಟೋ ಮುದ್ರಣಗಳು ಸಪ್ಪೆಯಾಗಿವೆ. ಆ ತಪ್ಪಿನ ಹೊರೆಯನ್ನು ಶೇರ್ ತಲೆಯ ಮೇಲೆ ಹೊರಿಸುವುದು ಬೇಡ.

'ಬಿಲೀವ್' 1999ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂದು ನಾಲ್ಕು ವಾರ ಅಲ್ಲೇ ಇತ್ತು. ಆಗ ಅವರಿಗೆ 52. ಹಿಂದಿನ ಅಗ್ರಸ್ಥಾನಕ್ಕೂ ಇದಕ್ಕೂ ಹತ್ತಿರ ಹತ್ತಿರ 25 ವರ್ಷದ ಅಂತರ.

ಆ ನಡುವಿನ ವರ್ಷಗಳಲ್ಲಿ ಏನು ಮಾಡುತ್ತಿದ್ದರು ಎಂಬುದನ್ನು ಯಂತ್ರದ ಕಥೆ ಬರೆಯುವವರು ಬಿಟ್ಟೇಬಿಡುತ್ತಾರೆ. 1982ರಲ್ಲಿ ರಾಬರ್ಟ್ ಆಲ್ಟ್‌ಮನ್ ನಿರ್ದೇಶನದಲ್ಲಿ ಬ್ರಾಡ್‌ವೇ ರಂಗಭೂಮಿ ಏರಿದರು. 1983ರ 'ಸಿಲ್ಕ್‌ವುಡ್'ನಲ್ಲಿ ಮೆರಿಲ್ ಸ್ಟ್ರೀಪ್ ಎದುರು ಕಾರ್ಖಾನೆಯ ಕೆಲಸಗಾರ್ತಿಯಾಗಿ ನಟಿಸಿ ಆಸ್ಕರ್ ನಾಮನಿರ್ದೇಶನ ಪಡೆದರು. ಮಿನುಗು ಉಡುಪಿನ ಗಾಯಕಿಯೆಂದೇ ಜನ ಬಲ್ಲ ಹೆಂಗಸು ಬಣ್ಣಗೆಟ್ಟ ಬಟ್ಟೆಯಲ್ಲಿ ಕ್ಯಾಮೆರಾ ಮುಂದೆ ನಿಂತದ್ದು ಸಣ್ಣ ಧೈರ್ಯವಲ್ಲ. 1985ರಲ್ಲಿ 'ಮಾಸ್ಕ್' ಚಿತ್ರಕ್ಕೆ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟಿ ಪ್ರಶಸ್ತಿ ಹಂಚಿಕೊಂಡರು. 1987ರ 'ಮೂನ್‌ಸ್ಟ್ರಕ್'ಗಾಗಿ 1988ರ ಏಪ್ರಿಲ್‌ನಲ್ಲಿ ಆಸ್ಕರ್ ಕೈಗೆ ಬಂತು. ಈ ಎರಡು ಇಸವಿಗಳನ್ನು ಅದಲುಬದಲು ಮಾಡಿ ಅಚ್ಚು ಹಾಕುವುದೂ ನಿಲ್ಲಬೇಕು.

ಮುಂದಿನ ಸಲ ಈ ವಿಷಯ ಬರೆಯುವವರು 1971ರ 'ಜಿಪ್ಸೀಸ್, ಟ್ರ್ಯಾಂಪ್ಸ್ ಅಂಡ್ ಥೀವ್ಸ್' ಹಾಡನ್ನೂ 'ಬಿಲೀವ್'ನ ಪಲ್ಲವಿಯನ್ನೂ ಒಂದಾದ ಮೇಲೊಂದು ಹೆಡ್‌ಫೋನಿನಲ್ಲಿ ಕೇಳಲಿ. ಮೊಬೈಲ್ ಸ್ಪೀಕರ್ ಬೇಡ, ತಗ್ಗುದನಿಯ ತೂಕವೆಲ್ಲ ಅದರಲ್ಲಿ ಸೋರಿಹೋಗುತ್ತದೆ.

ಇತಿ,
ಧ್ವನಿಮುದ್ರಣ ಬಲ್ಲ ಓದುಗ, ಮೈಸೂರು