ಮೃದಂಗ ಕಲಿಯುತ್ತಿರುವ ಗೆಳೆಯನಿಗೆ

ಪ್ರಿಯ ಗೆಳೆಯಾ,

ತ, ದಿ, ತೊಂ ಎಂಬಂಥ ಮೃದಂಗದ ಪಾಟಾಕ್ಷರಗಳು ಕೈಗೆ ಕೂತಿವೆ, ಒಂದು ನುಡಿಯನ್ನು ಮೂರು ಸಲ ನುಡಿಸಿ ತಾಳದ ಸುತ್ತು ಮುಗಿಸುವ ಮುಕ್ತಾಯದ ಲೆಕ್ಕ ಮಾತ್ರ ತಪ್ಪುತ್ತಿದೆ ಎಂದು ಬರೆದಿದ್ದೀಯ. ಕಾಗದದ ಮೇಲೆ ಕೂಡಿಸಿ ಕಳೆಯುವುದನ್ನು ಕೆಲಕಾಲ ಬಿಟ್ಟು ಚೆನ್ನೆಮಣೆ ಆಡು.

ನಮ್ಮ ಕರಾವಳಿಯಲ್ಲಿ ಆ ಮಣೆ ಅಟ್ಟದಿಂದ ಇಳಿಯುತ್ತಿದ್ದದ್ದು ಆಟಿ ತಿಂಗಳ ಮಳೆಯಲ್ಲಿ. ಚರ್ಮವಾದ್ಯಗಳು ತೇವ ಹೀರಿ ಶ್ರುತಿ ಇಳಿಸಿಕೊಂಡು ಸತಾಯಿಸುವ ಕಾಲವೂ ಅದೇ. ಎರಡು ಸಾಲಿನಲ್ಲಿ ಏಳೇಳು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಒಂದು ಗುಳಿ ಬರಿದು ಮಾಡಿ ಮುಂದಕ್ಕೆ ಒಂದೊಂದೇ ಹಾಕುತ್ತಾ ಹೋಗಬೇಕು. ಕೈ ಖಾಲಿಯಾದಾಗ ಮುಂದಿನ ಗುಳಿಯದನ್ನು ಎತ್ತಿ ಮತ್ತೆ ಹಾಕಬೇಕು. ಎತ್ತಬೇಕಾದ ಗುಳಿಯೇ ಖಾಲಿಯಾಗಿದ್ದರೆ ಅದರ ಆಚೆಯ ಗುಳಿಯಲ್ಲಿರುವುದೆಲ್ಲ ನಮ್ಮದು. ಈ ಕ್ರಮದಲ್ಲಿ ಮೊದಲ ಆಟಗಾರ ಯಾವ ಗುಳಿಯಿಂದ ಹೊರಟರೂ ಸಿಗುವುದು ಆರೇ ಕಾಯಿ. ಹಾಕಿ ನೋಡು! ಆದರೆ ಆ ನಡೆ ಮುಗಿಯುತ್ತಿದ್ದಂತೆ ಮಣೆಯ ಸಮತೆ ಮುರಿಯುತ್ತದೆ. ಅಲ್ಲಿಂದ ಮುಂದೆ ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂದು ಕಾಣದೆ ಗುಳಿಗೆ ಕೈ ಹಾಕಿದವನು ಸೋಲುತ್ತಾನೆ.

ಮುಕ್ತಾಯ ಬೇಡುವುದೂ ಈ ದೃಷ್ಟಿಯನ್ನೇ. ಆದಿತಾಳದ ಒಂದು ಆವರ್ತನಕ್ಕೆ, ಅಂದರೆ ಒಂದು ಸುತ್ತಿಗೆ, 8 ಅಕ್ಷರ (ಎಣಿಕೆ), ಅಕ್ಷರಕ್ಕೆ ನಾಲ್ಕರಂತೆ 32 ಮಾತ್ರೆ. ‘ತದಿಗಿಣತೊಂ’ ಐದು ಮಾತ್ರೆಯದು. ನಡುನಡುವೆ ಎರಡೆರಡು ಮಾತ್ರೆ ಬಿಟ್ಟು ಮೂರು ಸಲ ನುಡಿಸಿದರೆ 19. ಹಾಗಾಗಿ 13 ಮಾತ್ರೆ ಕಳೆದ ಮೇಲೆ ಎತ್ತಬೇಕು, ಅಂದರೆ ತಾಳದ ಮೊದಲ ಭಾಗವಾದ ಲಘುವಿನಲ್ಲಿ ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು ಆಗಿ ನಡುಬೆರಳು ಮುಟ್ಟಿ ಒಂದು ಮಾತ್ರೆ ದಾಟಿದ ತಕ್ಷಣ. ಕೊನೆಯ ‘ತೊಂ’ ಮುಗಿದೊಡನೆ ಸಮ, ಅಂದರೆ ಮುಂದಿನ ಸುತ್ತಿನ ಮೊದಲ ಪೆಟ್ಟು, ಬಂದು ನಿಲ್ಲುತ್ತದೆ. ಹದಿಮೂರು ಎಂಬ ಅಂಕಿಯನ್ನು ಬಾಯಿಪಾಠ ಮಾಡಿದವನಿಗೆ ಹಾಡುಗಾರರು ಕಾಲ ಸ್ವಲ್ಪ ಬದಲಿಸಿದರೂ ದಿಗಿಲು. ಆ ಬೆರಳಿನ ಜಾಗ ಬಲ್ಲವನಿಗೆ ಅದು ಲೆಕ್ಕವೇ ಅಲ್ಲ. ಹಾಡು ಕೇಳುತ್ತಲೇ ನುಡಿಸುತ್ತಾನೆ. ನನಗೆ ಮೃದಂಗದಲ್ಲಿ ಅತ್ಯಂತ ಪ್ರಿಯವಾದದ್ದು ಈ ಕೇಳುವಿಕೆ. ನಿನ್ನ ನುಡಿಸಾಣಿಕೆಯಲ್ಲೂ ಅದನ್ನು ಕೇಳುವ ಆಸೆ ನನಗೆ.

ಚೆನ್ನೆಮಣೆಯಲ್ಲಿ ಈ ಅಭ್ಯಾಸ ಬೆರಳಿಗೇ ಆಗುತ್ತದೆ. ಮುಷ್ಟಿಯಲ್ಲಿ ಐದಿವೆಯೋ ಆರಿವೆಯೋ ಎಂದು ಎಣಿಸದೆ ತಿಳಿಯತೊಡಗುತ್ತದೆ. ಅಲ್ಲಿ ಮಣೆ ಸಿಗದಿದ್ದರೆ ನೆಲದ ಮೇಲೆ ಸೀಮೆಸುಣ್ಣದಿಂದ ಹದಿನಾಲ್ಕು ವೃತ್ತ ಬರೆದುಕೊಂಡರೂ ಸಾಕು, ಹುಣಸೆ ಬೀಜ ಹೇಗೂ ಅಡುಗೆಮನೆಯಲ್ಲಿರುತ್ತದೆ. ಮಗಳನ್ನು ಎದುರಿಗೆ ಕೂರಿಸಿಕೋ.

ನಡುವಿನ ವಿರಾಮವನ್ನು ಎರಡರ ಬದಲು ಮೂರು ಮಾತ್ರೆ ಮಾಡಿದರೆ ಯಾವ ಬೆರಳಿನಲ್ಲಿ ಎತ್ತಬೇಕು? ಪೆನ್ನು ಮುಟ್ಟದೆ, ತಾಳ ಹಾಕುತ್ತಾ ಹುಡುಕಿ ಬರೆ.

ನಿನ್ನ ಗೆಳೆಯ