ಕ್ರೆಸ್ಕೋಗೆ ಹೊರಡುವ ಮುಂಚೆ

ಪ್ರೀತಿಯ ಪುಟ್ಟು,

ಮೊನ್ನೆ ಫೋನಿನಲ್ಲಿ ನೀನು ಕೇಳಿದಾಗ ಒಲೆ ಮೇಲೆ ಒಗ್ಗರಣೆ ಇತ್ತು, ಸರಿಯಾಗಿ ಉತ್ತರ ಕೊಡಲಿಲ್ಲ. ವೀಸಾಕ್ಕಾಗಿ ಮೂರು ವರ್ಷ ಹಳ್ಳಿ ಕಡೆ ಡಾಕ್ಟರ್ ಕೆಲಸ ಮಾಡಬೇಕು, ಅದು ಸರಿ, ಆದರೆ "ಟ್ರಂಪ್‌ಗೆ ವೋಟು ಹಾಕಿದ ಜನರ ಮಧ್ಯೆ ಹೇಗಿರೋದು ಚಿಕ್ಕಮ್ಮ" ಅಂದೆಯಲ್ಲ, ಅದಕ್ಕೇ ಈ ಪತ್ರ.

ನೀನು ಹೋಗುತ್ತಿರುವ ಕ್ರೆಸ್ಕೋ ಊರಿನ ಹಾವರ್ಡ್ ಕೌಂಟಿ (ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ) ನಮ್ಮ ರಾಚೆಸ್ಟರ್‌ನಿಂದ ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ ದೂರ. ಮಿನ್ನೆಸೋಟ ಗಡಿ ದಾಟಿದರೆ ಅಯೋವಾ, ಅಲ್ಲೇ. ಇಡೀ ಕೌಂಟಿಯಲ್ಲಿ ಸುಮಾರು ಒಂಬತ್ತೂವರೆ ಸಾವಿರ ಜನ. ಮೆಕ್ಕೆಜೋಳ, ಸೋಯಾ, ಹಂದಿ ಸಾಕಣೆ, ಕ್ರೆಸ್ಕೋದಲ್ಲಿ ಟ್ರೇಲರ್ ಮಾಡುವ ಕಾರ್ಖಾನೆ. ಇದೇ ಕೌಂಟಿ 2012ರಲ್ಲಿ ಒಬಾಮಾಗೆ 20 ಪರ್ಸೆಂಟಿಗಿಂತ ಜಾಸ್ತಿ ಲೀಡ್ ಕೊಟ್ಟಿತ್ತು. ನಾಲ್ಕೇ ವರ್ಷಕ್ಕೆ ಟ್ರಂಪ್‌ಗೂ ಅಷ್ಟೇ ಲೀಡ್! ಇಡೀ ಅಮೆರಿಕದಲ್ಲಿ ಹೀಗೆ ಮಗುಚಿದ ಕೌಂಟಿ ಇದೊಂದೇ. ನಾಲ್ಕು ವರ್ಷದಲ್ಲಿ ಊರಿಗೆ ಊರೇ ಖಾಲಿಯಾಗಿ ಬೇರೆ ಜನ ಬಂದರೇನು? ಇದ್ದವರೇ ಇದ್ದರು.

ನಾನೂ ನಿನ್ನ ಹಾಗೇ ಇದ್ದೆ ಕಣೋ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬಾಕೆ ಆ ಕಡೆಯವರು, ರೈತರ ಮನೆ ಹೆಣ್ಣುಮಗಳು. 2016ರ ನವೆಂಬರ್ ಆದಮೇಲೆ ಎರಡು ತಿಂಗಳು ಅವರ ಜೊತೆ ಸರಿಯಾಗಿ ಮಾತಾಡಲೇ ಇಲ್ಲ, ಊಟದ ಹೊತ್ತಿಗೆ ಬೇಕೆಂದೇ ಬೇರೆ ಟೇಬಲ್ಲಿಗೆ ಹೋಗುತ್ತಿದ್ದೆ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ. ಕೊನೆಗೆ ಅವರೇ ಬಂದು ಎದುರು ಕೂತರು. "ಎರಡು ಸಲ ಒಬಾಮಾಗೆ ಹಾಕಿದೆ, ಆಗ ಯಾಕೆ ಹಾಕಿದೆ ಅಂತ ನೀನು ಕೇಳಲಿಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಅವರು ಹೇಳಿದ್ದರಲ್ಲಿ ಬಹಳಷ್ಟು ಈಗಲೂ ನೆನಪಿದೆ. 80ರ ದಶಕದಲ್ಲಿ ಅಯೋವಾದ ಜಮೀನಿನ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಸಾಲ ಮಾಡಿ ಜಮೀನು ಕೊಂಡಿದ್ದವರು ಹರಾಜಿಗೆ ನಿಂತರು. ಆ ಸಿಟ್ಟಿನಲ್ಲೇ 1988ರಲ್ಲಿ, ದೇಶವೆಲ್ಲ ರಿಪಬ್ಲಿಕನ್ ಪಕ್ಷದ ಬುಷ್ ಕಡೆ ಹೋದರೂ, ಅಯೋವಾ ಒಬಾಮಾ ಅವರದೇ ಡೆಮಾಕ್ರಟಿಕ್ ಪಕ್ಷದ ಡುಕಾಕಿಸ್ ಎಂಬ ಸೋತ ಮನುಷ್ಯನನ್ನು ಗೆಲ್ಲಿಸಿತ್ತು. 2012ರಲ್ಲಿ ಒಬಾಮಾ ಕಡೆಯವರು ಎದುರಾಳಿ ರಾಮ್ನಿಯನ್ನು ಕಂಪನಿ ಕೊಂಡು ಬಾಗಿಲು ಹಾಕಿಸುವ ಸಾಹುಕಾರ ಎಂದು ಟಿವಿಯಲ್ಲಿ ತೋರಿಸಿದರು, ಜನ ಹೌದೆಂದರು. 2016ರಲ್ಲಿ ಕಾರ್ಖಾನೆ ಮೆಕ್ಸಿಕೋಗೆ ಹೋಯಿತು, ಮೆಕ್ಸಿಕೋ, ಕೆನಡಾ ಜೊತೆಗಿನ ನಾಫ್ತಾ ವ್ಯಾಪಾರ ಒಪ್ಪಂದ ಹಾಳು ಮಾಡಿತು ಎಂದು ಕೂಗಿದ್ದು ಟ್ರಂಪ್. ಆ ಒಪ್ಪಂದವನ್ನು ಜಾರಿಗೆ ತಂದ ಕಾನೂನಿಗೆ ಸಹಿ ಹಾಕಿದ ಬಿಲ್ ಕ್ಲಿಂಟನ್ ಅವರ ಹೆಂಡತಿ ಹಿಲರಿ ಎದುರಿಗಿದ್ದರು. ದೂರು ಹಳೆಯದೇ, ಹೇಳುವ ಬಾಯಿ ಬೇರೆ, ಅಷ್ಟೇ.

ಎಲ್ಲಾ ದುಡ್ಡಿನ ಲೆಕ್ಕ ಅಂತ ನಾನು ಹೇಳಲ್ಲ. ವಲಸೆಯವರ ಬಗ್ಗೆ ಭಯ ಇದೆ, ಚರ್ಚಿನ ವಿಷಯ ಇದೆ, ನಗರದವರು ನಮ್ಮನ್ನು ಗಮಾರರು ಅಂದುಕೊಂಡಿದ್ದಾರೆ ಎಂಬ ನೋವೂ ಇದೆ. ದುಡ್ಡೇ ಎಲ್ಲ ಆಗಿದ್ದರೆ 2018ರಲ್ಲಿ ಟ್ರಂಪ್ ಹಾಕಿದ ಸುಂಕಕ್ಕೆ ಸೇಡಾಗಿ ಚೀನಾದವರು ಅಮೆರಿಕದ ಸೋಯಾ ಮೇಲೆ 25 ಪರ್ಸೆಂಟ್ ಸುಂಕ ಹಾಕಿ ಬೆಲೆ ಬಿದ್ದಾಗ ಇವರು ತಿರುಗಿ ಬೀಳಬೇಕಿತ್ತು ಅಲ್ವಾ? ಸರ್ಕಾರ ರೈತರಿಗೆ ಪರಿಹಾರ ಕೊಟ್ಟಿತು, 2020ರಲ್ಲಿ ಈ ಕೌಂಟಿಯಲ್ಲಿ ಟ್ರಂಪ್ ಲೀಡ್ ಇನ್ನೂ ಏರಿತು. ನನಗೆ ಈ ತೀರ್ಪು ಇಷ್ಟವಿಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. ನಿನ್ನ ಚರ್ಮದ ಬಣ್ಣ ನೋಡಿ ಯಾರಾದರೂ ಮೂತಿ ತಿರುಗಿಸಿದರೆ ಅದನ್ನು ನುಂಗಿಕೊಂಡು ಸುಮ್ಮನಿರು ಎಂದೂ ಹೇಳುತ್ತಿಲ್ಲ. ಆದರೆ ಮೂತಿ ತಿರುಗಿಸುವ ಮುಂಚೆಯೇ ನೀನು ತಿರುಗಿಸಬೇಡ.

ಒಂದು ವಿಷಯ ಗೊತ್ತಾ? ಗೋಧಿ ತಳಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಬೆಳೆದದ್ದು ಇದೇ ಕೌಂಟಿಯಲ್ಲಿ, ಕ್ರೆಸ್ಕೋ ಹತ್ತಿರದ ಒಂದು ಹೊಲದಲ್ಲಿ. 60ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದ ಗಿಡ್ಡ ಗೋಧಿ ಅವರದೇ, 1970ರಲ್ಲಿ ನೊಬೆಲ್ ಬಂತು. ಕ್ಲಿನಿಕ್ಕಿನಲ್ಲಿ ಯಾರಾದರೂ ಮುದುಕರು ಬಿಪಿ ನೋಡಿಸಿಕೊಳ್ಳುತ್ತಾ ಸುಮ್ಮನೆ ಕೂತರೆ ಬೋರ್ಲಾಗ್ ಹೆಸರು ಎತ್ತು, ಇಲ್ಲ ಈ ಸಲ ಸೋಯಾ ಹೇಗಿದೆ ಅಂತ ಕೇಳು. ಎಲೆಕ್ಷನ್ ಮಾತು ಅವರಾಗಿಯೇ ಎತ್ತುತ್ತಾರೆ, ನೀನು ಕೆದಕಬೇಡ.

ಮರೆತಿದ್ದೆ, ಅಕ್ಟೋಬರ್ ಒಳಗೆ ಹಿಮದ ಟೈರು ಹಾಕಿಸು. ಸಾರಿನ ಪುಡಿ ಇಲ್ಲಿಂದಲೇ ತಗೊಂಡು ಹೋಗು, ಅಲ್ಲಿ ಸಿಗಲ್ಲ.

ನಿನ್ನ,
ಚಿಕ್ಕಮ್ಮ